ವಿದೇಶ ಪ್ರವಾಸ: ಯಾವ ಕಾರ್ಡ್, ಎಷ್ಟು ನಗದು, ಯಾವ ಗುಂಡಿ?

ವಿಮಾನದ ಟಿಕೆಟ್‌ನಲ್ಲಿ ಸ್ವಲ್ಪ ಉಳಿಸಲು ಜನ ವಾರಗಟ್ಟಲೆ ದರ ನೋಡುತ್ತಾರೆ. ಅಲ್ಲಿಗೆ ಹೋಗಿ ಎಟಿಎಂ ಮುಂದೆ ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿ ಆ ಉಳಿತಾಯವನ್ನೆಲ್ಲ ಕಳೆದುಕೊಳ್ಳುತ್ತಾರೆ. ಜೊತೆಯಲ್ಲಿದ್ದವರು ಹೀಗೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆ ಗುಂಡಿಯ ವಿಷಯವನ್ನು ಹೆಜ್ಜೆ 4ರಲ್ಲಿ ಬಿಡಿಸಿ ಹೇಳಿದ್ದೇನೆ. ಬೇರೆಲ್ಲ ಓದಲು ಪುರುಸೊತ್ತಿಲ್ಲದಿದ್ದರೂ ಅದನ್ನು ಓದಿ.

ಹೆಜ್ಜೆ 1: ಎರಡು ಕಾರ್ಡ್ ಇರಲಿ

ನಗದು ತೆಗೆಯಲು ಒಂದು ಡೆಬಿಟ್ ಕಾರ್ಡ್, ಬಿಲ್ ಕೊಡಲು ಒಂದು ಕ್ರೆಡಿಟ್ ಕಾರ್ಡ್. ಎರಡೂ ಬೇರೆ ಬೇರೆ ಬ್ಯಾಂಕಿನವಾಗಿರಬೇಕು. ಸಾಧ್ಯವಾದರೆ ಒಂದು ವೀಸಾ, ಇನ್ನೊಂದು ಮಾಸ್ಟರ್‌ಕಾರ್ಡ್ ಇರಲಿ. ವಿದೇಶದಿಂದ ಖರ್ಚು ಬಂದದ್ದು ನೋಡಿ ಒಂದು ಬ್ಯಾಂಕ್ ಅನುಮಾನಪಟ್ಟು ಕಾರ್ಡ್ ತಡೆಹಿಡಿದರೆ ಇನ್ನೊಂದು ಕೈಯಲ್ಲಿರುತ್ತದೆ.

ಈ ಎರಡರ ಕೆಲಸ ಅದಲು ಬದಲು ಮಾಡಬೇಡಿ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ ಶುರು, ಮೇಲೆ ನಗದು ಶುಲ್ಕ ಬೇರೆ. ಇತ್ತ ಹೋಟೆಲ್‌ನವರು, ಬಾಡಿಗೆ ಕಾರಿನವರು ಮುಂಗಡವಾಗಿ ಒಂದಿಷ್ಟು ಮೊತ್ತ ತಡೆದಿಡುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮ ಖಾತೆಯ ನಿಜವಾದ ಹಣವೇ ಹಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿ ಮಾತ್ರ ಕಡಿಮೆಯಾಗುತ್ತದೆ.

ಕಾರ್ಡ್ ಆರಿಸುವಾಗ ನೋಡಬೇಕಾದ್ದು ಫಾರೆಕ್ಸ್ ಮಾರ್ಕಪ್. ವಿದೇಶದ ಪ್ರತಿ ಖರ್ಚಿನ ಮೇಲೆ ಅನೇಕ ಬ್ಯಾಂಕುಗಳು ಶೇ 2ರಿಂದ 3ರಷ್ಟು ಹೆಚ್ಚುವರಿ ಶುಲ್ಕ ಹಾಕುತ್ತವೆ. ಕೆಲವು ಏನೂ ಹಾಕುವುದಿಲ್ಲ. ಪಾಯಿಂಟ್, ಲೌಂಜ್ ಎಂದು ಆಸೆ ತೋರಿಸುವ ಕಾರ್ಡಿಗಿಂತ ಮಾರ್ಕಪ್ ಇಲ್ಲದ ಸಾದಾ ಕಾರ್ಡೇ ಮೇಲು.

ಮೊದಲೇ ಹಣ ತುಂಬಿಸುವ ಪ್ರಿಪೇಯ್ಡ್ ಕಾರ್ಡ್ ಬೇಕಾ? ಒಂದೇ ದೇಶಕ್ಕೆ ಹೋಗುವವರಿಗೆ, ದರ ಇಂದೇ ಗೊತ್ತಾಗಿಬಿಡಲಿ ಎನ್ನುವವರಿಗೆ ಸರಿ. ನಾಲ್ಕು ದೇಶ ಸುತ್ತುವವರಿಗೆ ನಾನು ಬೇಡ ಎನ್ನುತ್ತೇನೆ. ತುಂಬಿಸಿದ್ದು ಒಂದು ಕರೆನ್ಸಿ, ಖರ್ಚು ಮಾಡಿದ್ದು ಇನ್ನೊಂದು ಆದರೆ ಮತ್ತೆ ಶುಲ್ಕ. ಉಳಿದ ಹಣ ವಾಪಸ್ ಪಡೆಯಲು ಮತ್ತೊಂದು ಶುಲ್ಕ. ಟ್ರಾವೆಲರ್ಸ್ ಚೆಕ್ಕನ್ನಂತೂ ಮರೆತುಬಿಡಿ, ತೆಗೆದುಕೊಳ್ಳುವವರೇ ಸಿಗುವುದಿಲ್ಲ.

ಹೆಜ್ಜೆ 2: ಹೊರಡುವ ಮುಂಚೆ

ಎರಡೂ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ದಿನದ ಮಿತಿ ನೋಡಿ. ಬ್ಯಾಂಕಿನ ಎಸ್‌ಎಂಎಸ್ ಅಲ್ಲಿಯೂ ಬರುತ್ತದಾ ಎಂದು ಖಚಿತ ಮಾಡಿಕೊಳ್ಳಿ. ಬರದಿದ್ದರೆ ಒಟಿಪಿ ಇಲ್ಲ, ಒಟಿಪಿ ಇಲ್ಲದೆ ಆನ್‌ಲೈನ್ ಪಾವತಿಯೂ ಆಗದೇ ಹೋಗಬಹುದು. ಬ್ಯಾಂಕಿನ ಸಹಾಯವಾಣಿ ಸಂಖ್ಯೆಯನ್ನು ಬೇರೆ ಕಡೆ ಬರೆದಿಡಿ. ಕಾರ್ಡಿನ ಹಿಂದೆಯೇ ಇದೆಯಲ್ಲ ಎಂದರೆ, ಕಾರ್ಡ್ ಕಳೆದಾಗ ಅದೂ ಹೋಗುತ್ತದೆ. ಟೋಲ್ ಫ್ರೀ ಸಂಖ್ಯೆ ವಿದೇಶದಿಂದ ತಾಗದೇ ಇರಬಹುದು, ಹೊರದೇಶದಿಂದ ಕರೆ ಮಾಡುವ ಸಂಖ್ಯೆಯನ್ನೇ ಕೇಳಿ ಪಡೆಯಿರಿ.

ಹೆಜ್ಜೆ 3: ಕೈಯಲ್ಲಿ ಸ್ವಲ್ಪ ನಗದು

ಮೊದಲ ದಿನದ ಟ್ಯಾಕ್ಸಿ, ಊಟಕ್ಕೆ ಸಾಲುವಷ್ಟು ಅಲ್ಲಿನ ಹಣ, ಜೊತೆಗೆ ಆಪತ್ತಿಗೆ ಕೆಲವು ಡಾಲರ್ ಅಥವಾ ಯೂರೋ. ಅಷ್ಟು ಸಾಕು. ಎಷ್ಟು ಎನ್ನುವುದು ದೇಶದ ಮೇಲೂ ಹೋಗುತ್ತದೆ. ಸ್ವೀಡನ್‌ನಲ್ಲಿ ನೋಟು ಮುಟ್ಟದೆಯೇ ಪ್ರವಾಸ ಮುಗಿಸಬಹುದು. ಲಂಡನ್ ಬಸ್‌ಗಳು 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಆದರೆ ಜಪಾನ್, ಜರ್ಮನಿಯ ಸಣ್ಣ ಅಂಗಡಿಗಳಲ್ಲಿ ನಗದು ಇನ್ನೂ ಬೇಕಾಗುತ್ತದೆ.

ನೋಟು ಸ್ವಚ್ಛವಾಗಿರಲಿ. ಹರಿದ, ಗೀಚಿದ ಡಾಲರನ್ನು ಅನೇಕ ದೇಶಗಳಲ್ಲಿ ಮುಟ್ಟುವುದಿಲ್ಲ. ಹಿಂದಿನ ಪ್ರವಾಸದಲ್ಲಿ ಉಳಿದ ಬ್ರಿಟನ್‌ನ 20, 50 ಪೌಂಡ್ ಕಾಗದದ ನೋಟುಗಳಿದ್ದರೆ ಅವು 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಯಲ್ಲಿ ನಡೆಯುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಅವನ್ನು ಬದಲಿಸಿಕೊಡುತ್ತದೆ.

ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ‘ಕಮಿಷನ್ ಇಲ್ಲ’ ಎಂಬ ಬೋರ್ಡ್ ನಂಬಬೇಡಿ. ಕಮಿಷನ್ ದರದೊಳಗೇ ಕೂತಿರುತ್ತದೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಜಾಸ್ತಿ ಇದ್ದರೆ ಮುಂದೆ ನಡೆಯಿರಿ. ‘100 ಡಾಲರ್ ಕೊಟ್ಟರೆ ಕೈಗೆ ಒಟ್ಟು ಎಷ್ಟು ಬರುತ್ತದೆ?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಬೀದಿಯಲ್ಲಿ ಹಣ ಬದಲಿಸುವವರ ಹತ್ತಿರ ಹೋಗಲೇಬೇಡಿ.

ಹೆಜ್ಜೆ 4: ಎಟಿಎಂ ಮುಂದೆ

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಬ್ಯಾಂಕಿನ ಗೋಡೆಗೇ ಅಂಟಿದ ಎಟಿಎಂ ಹುಡುಕಿ. ಬ್ಯಾಂಕ್ ತೆರೆದಿರುವ ಹೊತ್ತಿಗೇ ಹೋಗಿ. ಯಂತ್ರ ಕಾರ್ಡ್ ನುಂಗಿದರೆ ಒಳಗೆ ಹೋಗಿ ಕೇಳಬಹುದು. ಪ್ರವಾಸಿ ಬೀದಿಗಳಲ್ಲಿ, ಸ್ಮರಣಿಕೆ ಅಂಗಡಿಗಳ ಪಕ್ಕದಲ್ಲಿ ಒಂಟಿಯಾಗಿ ನಿಂತ ಯಂತ್ರಗಳಲ್ಲಿ ಶುಲ್ಕ ಜಾಸ್ತಿ, ದರವೂ ಕೆಟ್ಟದು.

ಪಿನ್ ಹಾಕಿದಿರಿ, ಮೊತ್ತ ಆರಿಸಿದಿರಿ. ಮೊದಲು ಯಂತ್ರದ ಶುಲ್ಕದ ಪರದೆ ಬರಬಹುದು. ಅದನ್ನು ಒಪ್ಪದಿದ್ದರೆ ಹಣ ಬರುವುದಿಲ್ಲ. ಜಾಸ್ತಿ ಅನ್ನಿಸಿದರೆ ಕಾರ್ಡ್ ತೆಗೆದುಕೊಂಡು ಬೇರೆ ಬ್ಯಾಂಕಿನ ಎಟಿಎಂಗೆ ಹೋಗಿ.

ಆಮೇಲೆ ಬರುವ ಪರದೆ ಬೇರೆಯದು. ನಿಮ್ಮ ದೇಶದ ಹಣದಲ್ಲಿ ಒಂದು ಮೊತ್ತ ತೋರಿಸಿ ‘ಗ್ಯಾರಂಟಿ ದರ’ ಎಂದು ಹೇಳುತ್ತದೆ. ಕೆಳಗೆ ಎರಡು ಗುಂಡಿ: ‘ಆಕ್ಸೆಪ್ಟ್ ಕನ್ವರ್ಷನ್’, ‘ಡಿಕ್ಲೈನ್ ಕನ್ವರ್ಷನ್’. ಒಪ್ಪುವ ಗುಂಡಿ ಹಸಿರು, ಬೇಡ ಎನ್ನುವ ಗುಂಡಿ ಕೆಂಪು ಇರುವುದುಂಟು. ಡಿಕ್ಲೈನ್ ಒತ್ತಿದರೆ ಹಣವೇ ಬರುವುದಿಲ್ಲ ಎಂದು ಹೆದರಿ ಜನ ಹಸಿರನ್ನೇ ಒತ್ತುತ್ತಾರೆ.

ಡಿಕ್ಲೈನ್ ಒತ್ತಿ. ಹಣ ಬರುತ್ತದೆ. ನೀವು ಬೇಡ ಎಂದದ್ದು ಆ ಯಂತ್ರದ ವಿನಿಮಯ ದರವನ್ನು ಮಾತ್ರ. ಆಗ ಪರಿವರ್ತನೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರದಲ್ಲಿ ಆಗುತ್ತದೆ. ಅದು ಮಾರುಕಟ್ಟೆ ದರಕ್ಕೆ ತೀರಾ ಹತ್ತಿರ. ಯಂತ್ರದ ದರ ಶೇ 8ರಷ್ಟು ದುಬಾರಿ ಎಂದುಕೊಳ್ಳಿ: 300 ಯೂರೋ ತೆಗೆದರೆ 24 ಯೂರೋ ಸುಮ್ನೆ ಹೋಯಿತು. ಅದರ ಮೇಲೆ ನಿಮ್ಮ ಬ್ಯಾಂಕ್ ತನ್ನ ಶುಲ್ಕವನ್ನೂ ಹಾಕಬಹುದು. ಕೆಲವು ಯಂತ್ರಗಳು ಬಿಡದೆ ‘ಖಂಡಿತ ಬೇಡವೇ?’ ಎಂದು ಇನ್ನೊಮ್ಮೆ ಕೇಳುತ್ತವೆ. ಮತ್ತೆ ಬೇಡ ಎನ್ನಿ. ‘ವಿತ್ ಕನ್ವರ್ಷನ್’, ‘ವಿತೌಟ್ ಕನ್ವರ್ಷನ್’ ಎಂದಿದ್ದರೆ ಆರಿಸಬೇಕಾದ್ದು ವಿತೌಟ್.

ಶುಲ್ಕ ಪ್ರತಿ ಸಲಕ್ಕೂ ಇರುವುದರಿಂದ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಮೂರು ನಾಲ್ಕು ದಿನಕ್ಕೆ ಆಗುವಷ್ಟು ಒಮ್ಮೆಗೇ ತೆಗೆಯಿರಿ. 200ರ ಬದಲು 190 ಕೇಳಿ, ಸಣ್ಣ ನೋಟು ಸಿಗುತ್ತದೆ.

ಹೆಜ್ಜೆ 5: ಅಂಗಡಿಯಲ್ಲಿ

ಸ್ವೈಪ್ ಮಷೀನ್‌ನಲ್ಲೂ ಅದೇ ಪ್ರಶ್ನೆ: ನಿಮ್ಮ ದೇಶದ ಹಣದಲ್ಲೋ, ಅಲ್ಲಿನ ಹಣದಲ್ಲೋ? ಉತ್ತರವೂ ಅದೇ: ಅಲ್ಲಿನ ಕರೆನ್ಸಿ. ಕಷ್ಟ ಏನೆಂದರೆ, ಎಷ್ಟೋ ಕಡೆ ಮಷೀನ್ ಅಂಗಡಿಯವರ ಕೈಯಲ್ಲಿರುತ್ತದೆ, ಅವರೇ ಗುಂಡಿ ಒತ್ತಿಬಿಡುತ್ತಾರೆ. ಪಿನ್ ಹಾಕುವ ಮುಂಚೆ ಪರದೆ ನೋಡಿ. ನಿಮ್ಮ ದೇಶದ ಹಣ ಕಂಡರೆ ರದ್ದು ಮಾಡಿ ಮತ್ತೆ ಮಾಡಿ ಎಂದು ಕೇಳಿ. ಹಿಂದೆ ಸಾಲು ಇದೆ ಎಂದು ಸಂಕೋಚ ಬೇಡ. ಆಗಿಹೋಗಿದ್ದರೂ ಬಿಲ್ ಹಿಡಿದು ಅಲ್ಲಿಯೇ ಕೇಳಬೇಕು, ಮನೆಗೆ ಬಂದ ಮೇಲೆ ಸರಿಮಾಡಿಸುವುದು ತುಂಬಾ ಕಷ್ಟ.

ಫೋನ್ ತಾಗಿಸಿ ಪಾವತಿಸುವುದು ಒಳ್ಳೆಯದೇ. ಆದರೆ ಕಾರ್ಡ್ ಕೋಣೆಯಲ್ಲಿ ಬಿಟ್ಟು ಫೋನ್ ಒಂದನ್ನೇ ನಂಬಿ ಹೊರಡಬೇಡಿ. ಬ್ಯಾಟರಿ ಮುಗಿದರೆ ಹಣವೂ ಮುಗಿದಂತೆ. ಮೆಟ್ರೊದಲ್ಲಿ ಒಳಗೆ ಹೋಗುವಾಗ ಫೋನ್ ತಾಗಿಸಿದ್ದರೆ ಹೊರಬರುವಾಗಲೂ ಫೋನನ್ನೇ ತಾಗಿಸಿ. ಕಾರ್ಡ್ ತಾಗಿಸಿದರೆ ಅದು ಬೇರೆ ಪ್ರಯಾಣವೆಂದು ಲೆಕ್ಕವಾಗಿ ಜಾಸ್ತಿ ದುಡ್ಡು ಹೋಗುತ್ತದೆ.

ಹೆಜ್ಜೆ 6: ಹಂಚಿ ಇಡಿ

ಅಂದಿನ ಖರ್ಚು ಮತ್ತು ಒಂದು ಕಾರ್ಡ್ ಪರ್ಸಿನಲ್ಲಿ. ಉಳಿದದ್ದು ಬೇರೆ ಕಡೆ. ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟುವ ಚೀಲವನ್ನು ಬೀದಿಯಲ್ಲಿ ಬಿಚ್ಚಬೇಡಿ, ಹಣ ಎಲ್ಲಿದೆ ಎಂದು ನೀವೇ ತೋರಿಸಿದಂತಾಗುತ್ತದೆ.

ಹೆಜ್ಜೆ 7: ವಾಪಸ್ ಬರುವಾಗ

ನಾಣ್ಯಗಳನ್ನು ಅಲ್ಲಿಯೇ ಖರ್ಚು ಮಾಡಿ, ವಿನಿಮಯ ಕೌಂಟರ್‌ಗಳು ಸಾಮಾನ್ಯವಾಗಿ ನೋಟು ಮಾತ್ರ ತೆಗೆದುಕೊಳ್ಳುತ್ತವೆ. ಟ್ಯುನೀಷಿಯಾದ ದಿನಾರ್‌ನಂಥ ಕರೆನ್ಸಿಯನ್ನು ದೇಶದಿಂದ ಹೊರಗೆ ಒಯ್ಯುವಂತೆಯೇ ಇಲ್ಲ, ಹೊರಡುವ ಮುಂಚೆ ಬದಲಿಸಿಕೊಳ್ಳಿ.

ಮನೆಗೆ ಬಂದು ಅಂತರರಾಷ್ಟ್ರೀಯ ಬಳಕೆ ಆಫ್ ಮಾಡಿ. ಎಟಿಎಂ ಚೀಟಿಗಳನ್ನು ಸ್ಟೇಟ್‌ಮೆಂಟ್ ಬರುವವರೆಗೆ ಎಸೆಯಬೇಡಿ. ಯಂತ್ರ ನೋಟು ಕೊಡದೆ ಖಾತೆಯಿಂದ ಮಾತ್ರ ಹಣ ಹೋಗಿದ್ದರೆ ಆ ಯಂತ್ರದವರಿಗೆ ಬರೆಯುತ್ತಾ ಕೂರಬೇಡಿ. ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೇ ದೂರು ಕೊಡಿ. ಎಟಿಎಂ ಇದ್ದ ಜಾಗ, ದಿನಾಂಕ, ಸಮಯ, ಮೊತ್ತ ಬರೆದು, ಚೀಟಿಯ ಫೋಟೊ ಸೇರಿಸಿ ಕಳಿಸಿ.