ಚೀನಾದ ಅಲೆ ಇಜ್ನಿಕ್‌ನಲ್ಲಿ ಸುರುಳಿಯಾದದ್ದು

ಇಜ್ನಿಕ್‌ನ (ತುರ್ಕಿಯ ಕುಂಬಾರರ ಊರು) ದ್ರಾಕ್ಷಿ ತಟ್ಟೆ ನೋಡಿದ್ದೀರಾ? ನಡುವೆ ಮೂರು ಗೊಂಚಲು ದ್ರಾಕ್ಷಿ, ಸುತ್ತ ಹೂಬಳ್ಳಿ, ಅಂಚಿಗೆ ಅಲೆ. 15ನೇ ಶತಮಾನದ ಶುರುವಿನ ಚೀನೀ ಪಿಂಗಾಣಿಯನ್ನು ಎದುರಿಗಿಟ್ಟುಕೊಂಡು, 16ನೇ ಶತಮಾನದ ತುರ್ಕಿ ಕುಂಬಾರರು ಮಾಡಿದ್ದು. ನಾನೂ ಅಂಥದ್ದೊಂದು ಮಾಡಿ ನೋಡಿದೆ.

ಪಿಂಗಾಣಿಗೆ ಬೇರೆಯದೇ ಮಣ್ಣು ಬೇಕು, 1300 ಡಿಗ್ರಿ ಹತ್ತಿರದ ಉರಿ ಬೇಕು. ಇಜ್ನಿಕ್‌ನವರಿಗೆ ಎರಡೂ ಇರಲಿಲ್ಲ. ಅವರು ಹಿಡಿದದ್ದು ಇರಾನಿನಲ್ಲಿ ಆಗಲೇ ಪಳಗಿದ್ದ ದಾರಿ. ಕಾಶಾನಿನ ಕುಂಬಾರ ಮನೆತನದ ಅಬುಲ್ ಖಾಸಿಮ್ 1301ರಲ್ಲೇ ಅಳತೆ ಬರೆದಿಟ್ಟಿದ್ದಾನೆ: ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ. ನಾನು ಅದನ್ನೇ ಕಲಸಿದೆ. ಚಕ್ರದ ಮೇಲೆ ಅದು ಏಳುವುದೇ ಇಲ್ಲ, ಒದ್ದೆ ಮರಳಿನ ಹಾಗೆ ಬಿರಿಯುತ್ತದೆ. ಜೈಪುರದ ಬ್ಲೂ ಪಾಟರಿಯವರ ಥರ ಸ್ವಲ್ಪ ಅಂಟು ಬೆರೆಸಿ ಅಚ್ಚಿಗೆ ಒತ್ತಿದೆ.

ಮಜಾ ಇರುವುದು ಅಂಚಿನಲ್ಲಿ. ಚೀನೀ ತಟ್ಟೆಯಲ್ಲಿ ಅಲೆ ಬಂಡೆಗೆ ಬಡಿದು ನೊರೆ ಚಿಮ್ಮುತ್ತದೆ. ಇಜ್ನಿಕ್‌ನಲ್ಲಿ ಅದು ಬರೀ ಸುರುಳಿ. ಅರ್ಥವಾಗದೆ ಕಾಪಿ ಹೊಡೆದರು ಅನ್ನುವವರಿದ್ದಾರೆ. ಅವರು ಒಮ್ಮೆ ಕುಂಚ ಹಿಡಿಯಲಿ. ತಟ್ಟೆಗೆ ಬಳಿದ ಬಿಳಿ ಲೇಪ ನೀರನ್ನು ಗಟಗಟ ಕುಡಿಯುತ್ತದೆ. ಕುಂಚ ಒಂದು ಕ್ಷಣ ನಿಂತರೂ ನೀಲಿ ಮಚ್ಚೆ. ಅದಕ್ಕೇ ಕೈ ನಿಲ್ಲಿಸದೆ ತಿರುಗಿಸುತ್ತಲೇ ಇರಬೇಕು. ಹಾಗೆ ಸುತ್ತು ಬರುತ್ತ ಬಂಡೆ ಚಿಕ್ಕದಾಯಿತು, ನೊರೆಯ ಚುಕ್ಕೆಗಳು ಒಂದಕ್ಕೊಂದು ಸೇರಿ ಸುತ್ತಿಕೊಂಡವು. ಸುರುಳಿ ಹುಟ್ಟಿದ್ದು ಹೀಗೇ ಅಂತ ನನ್ನ ಲೆಕ್ಕ.

ಇನ್ನು ನೀಲಿ. ಅದು ಚೀನಾದ್ದು ಅಂತ ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? 9ನೇ ಶತಮಾನದಲ್ಲೇ ಇರಾಕಿನ ಬಸ್ರಾದವರು ಚೀನಾದ ಬಿಳಿ ಬಟ್ಟಲುಗಳಿಗೆ ಮನಸೋತು, ತಮ್ಮ ಮಣ್ಣಿನ ಬಟ್ಟಲಿಗೆ ತವರ ಬೆರೆಸಿದ ಬಿಳಿ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಕೊಟ್ಟು, ಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆದಿದ್ದರು. 14ನೇ ಶತಮಾನದಲ್ಲಿ ಚೀನಾದ ಪಿಂಗಾಣಿ ಊರಾದ ಜಿಂಗ್‌ಡೆಜೆನ್‌ಗೇ ಕೋಬಾಲ್ಟ್ ಹೊರಗಿನಿಂದ ಬರುತ್ತಿತ್ತು. ಹಾಗಾಗಿ ‘ಯಾರು ಯಾರನ್ನು ನೋಡಿ ಕಲಿತರು’ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ.

ಗ್ಲೇಜ್‌ಗೆ ಇಜ್ನಿಕ್‌ನವರು ಸೀಸ ಹಾಕುತ್ತಿದ್ದರು. ನಾನು ಹಾಕಲಿಲ್ಲ, ಊಟಕ್ಕೆ ಇಡುವ ತಟ್ಟೆ. ಉರಿ 900ರ ಆಸುಪಾಸು ಸಾಕಾಯಿತು. ನೀಲಿ ಗೆರೆಗಳ ಅಂಚು ಕೊಂಚ ಹರಡಿದೆ. ಮುಂದಿನ ತಟ್ಟೆಗೆ ಬಣ್ಣದಲ್ಲಿ ಬೆಣಚುಕಲ್ಲಿನ ಪುಡಿ ಜಾಸ್ತಿ ಮಾಡಿ ನೋಡುತ್ತೇನೆ.