ಯಕ್ಷಗಾನ ರೆಕಾರ್ಡ್ ಮಾಡಲು ನಾನು ಫೋನ್ ಆರಿಸಿದ್ದು ಹೀಗೆ

ನಾನು ಯಕ್ಷಗಾನ ರೆಕಾರ್ಡ್ ಮಾಡುತ್ತೇನೆ. ಇದು ಸಂಪಾದನೆಗಲ್ಲ, ಆಟದ ಮೇಲಿನ, ಅಂದರೆ ಯಕ್ಷಗಾನ ಪ್ರದರ್ಶನದ ಮೇಲಿನ ಪ್ರೀತಿಗೆ. ದಕ್ಷಿಣ ಕನ್ನಡದಲ್ಲಿ ನಮ್ಮ ಸುತ್ತಮುತ್ತ ಎಲ್ಲಿ ಹರಕೆಯ ಬಯಲಾಟ ಇದ್ದರೂ ಹೋಗುತ್ತೇನೆ. ಆಟ ಆಡಿಸುವವರನ್ನೂ ಹಾಡುವ ಭಾಗವತರನ್ನೂ ಕೇಳುತ್ತೇನೆ. ಅವರು ಒಪ್ಪಿದರೆ ಮಾತ್ರ ಟ್ರೈಪಾಡ್ ಬಿಚ್ಚುತ್ತೇನೆ. 2025ರ ಪತ್ತನಾಜೆ (ಯಕ್ಷಗಾನ ತಂಡಗಳಾದ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಹೊತ್ತಿಗೆ ನನ್ನ ಹಳೆಯ ಫೋನಿನ ಬ್ಯಾಟರಿ ಸೋತುಹೋಗಿತ್ತು. ಮುಂದಿನ ತಿರುಗಾಟ ಶುರುವಾಗುವ ಮೊದಲು ಹೊಸದು ಬೇಕಿತ್ತು. ಮಳೆಗಾಲ ಪೂರ್ತಿ ಕೈಯಲ್ಲಿ ಸಮಯ ಇದ್ದುದರಿಂದ ನಿಧಾನವಾಗಿ ಆರಿಸಿದೆ.

ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡೆ: ಈ ರೆಕಾರ್ಡಿಂಗ್ ಯಾರಿಗಾಗಿ? ನನ್ನ ವಿಡಿಯೊಗಳನ್ನು ಜಾಸ್ತಿ ನೋಡುವವರು ನಾಟ್ಯ ಕಲಿಯುವ ಮಕ್ಕಳು ಮತ್ತು ಹಿರಿಯ ಕಲಾವಿದರ ಅರ್ಥಗಾರಿಕೆ, ಅಂದರೆ ಪಾತ್ರದ ಮಾತುಗಾರಿಕೆ, ಕೇಳಬೇಕು ಎನ್ನುವವರು. ಕಲಿಯುವ ಮಗುವಿಗೆ ವೇಷಧಾರಿಯ ಕಾಲು ಕಾಣಬೇಕು. ಧಿಗಿಣ ಹಾರುವಾಗ ಚೌಕಟ್ಟಿನಿಂದ ತಲೆ ಆಚೆ ಹೋಗಬಾರದು. ಹಿಂದೆ ಭಾಗವತರ ಕೈಯ ಜಾಗಟೆಯೂ ಕಾಣಿಸಿದರೆ ತಾಳ ಹಿಡಿಯಲು ಸುಲಭ. ಅಂದರೆ ನನಗೆ ಬೇಕಾದದ್ದು ಮುಖದ ಹತ್ತಿರದ ಚಿತ್ರ ಅಲ್ಲ, ಇಡೀ ರಂಗಸ್ಥಳ. ಅರ್ಥಗಾರಿಕೆ ಕೇಳುವವರಿಗೆ ಸ್ಪಷ್ಟ ಧ್ವನಿ ಬೇಕು. ಇಷ್ಟು ಬರೆದುಕೊಂಡ ಮೇಲೆ ಜಾಹೀರಾತಿನ ಅರ್ಧ ಮಾತು ನನಗೆ ಸಂಬಂಧವೇ ಇಲ್ಲದ್ದಾಯಿತು. 200 ಮೆಗಾಪಿಕ್ಸೆಲ್ ಎನ್ನುತ್ತಾರೆ. ಆದರೆ 1080ಪಿ ವಿಡಿಯೊದ ಒಂದು ಚೌಕಟ್ಟಿನಲ್ಲಿ ಇರುವುದೇ ಸುಮಾರು 2 ಮೆಗಾಪಿಕ್ಸೆಲ್, 4ಕೆಯಲ್ಲಿ ಸುಮಾರು 8. ಗೇಮ್ ಆಡುವ ವೇಗವೂ ನನಗೆ ಬೇಡ. ಟ್ರೈಪಾಡ್ ಮೇಲೆ ಇರುವ ಫೋನಿಗೆ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮುಂದೆ ಜಾಗದ ಲೆಕ್ಕ. ಒಬ್ಬ ಗೆಳೆಯರ ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ವಿಭಾಗ ತೆರೆದರೆ ಅಲ್ಲೇ ಅಂದಾಜು ಬರೆದಿದೆ. ಸೆಕೆಂಡಿಗೆ 30 ಚಿತ್ರದ 1080ಪಿ ವಿಡಿಯೊಗೆ ನಿಮಿಷಕ್ಕೆ 60 ಎಂಬಿ, 4ಕೆಗೆ 170 ಎಂಬಿ. ಗಂಟೆಗೆ ಲೆಕ್ಕ ಹಾಕಿದರೆ 1080ಪಿಗೆ 3.6 ಜಿಬಿ, 4ಕೆಗೆ 10.2 ಜಿಬಿ. ರಾತ್ರಿಯಿಡೀ ನಡೆಯುವ ಎಂಟು ಗಂಟೆಯ ಆಟ 1080ಪಿಯಲ್ಲಿ 29 ಜಿಬಿಯಷ್ಟು, 4ಕೆಯಲ್ಲಿ 82 ಜಿಬಿಯಷ್ಟು ಆಗುತ್ತದೆ. ವಿಡಿಯೊ ಕುಗ್ಗಿಸುವ ಹಳೆಯ ಕೋಡೆಕ್‌ನಲ್ಲಿ ಉಳಿಸುವ ಫೋನಿನಲ್ಲಿ ಇದಕ್ಕಿಂತ ಇನ್ನೂ ಜಾಸ್ತಿ. 128 ಜಿಬಿಯ ಫೋನಿನಲ್ಲಿ ಸಿಸ್ಟಮ್, ಆ್ಯಪ್, ವಾಟ್ಸಾಪ್ ಎಲ್ಲ ಸೇರಿ ತಿಂದು ಉಳಿಯುವ ಜಾಗಕ್ಕೆ ಒಂದು ರಾತ್ರಿಯ 4ಕೆ ವಿಡಿಯೊ ಕಷ್ಟದಲ್ಲಿ ಹಿಡಿಸೀತು. ಸೀಸನ್‌ನಲ್ಲಿ ಶನಿವಾರ ಒಂದು ಕಡೆ, ಭಾನುವಾರ ಇನ್ನೊಂದು ಕಡೆ ಆಟ ಇರುತ್ತದೆ. ನಡುವೆ ಕಾಪಿ ಮಾಡಲು ಪುರುಸೊತ್ತು ಸಿಗುವುದಿಲ್ಲ. ಹಾಗಾಗಿ 256 ಜಿಬಿಗಿಂತ ಕಡಿಮೆ ಇರುವುದನ್ನು ನೋಡುವುದೇ ಬೇಡ ಎಂದುಕೊಂಡೆ. ಮೆಮೊರಿ ಕಾರ್ಡ್ ಹಾಕುವ ಜಾಗ ನನ್ನ ಬೆಲೆಯ ಫೋನ್‌ಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿದೆ. ಆದ್ದರಿಂದ ಕೊಳ್ಳುವಾಗಲೇ ಜಾಗ ನೋಡಿಕೊಳ್ಳಬೇಕು.

ನನ್ನ ಬಜೆಟ್ 50,000 ರೂಪಾಯಿ. ಕೊನೆಗೆ ಮೂರು ಫೋನ್ ಉಳಿದವು. ನಥಿಂಗ್ ಫೋನ್ 3ಎ ಪ್ರೊ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ56, ಗೂಗಲ್ ಪಿಕ್ಸೆಲ್ 9ಎ. ಬಿಡುಗಡೆಯಾದಾಗ ಇವುಗಳ ಆರಂಭದ ಬೆಲೆ ಕ್ರಮವಾಗಿ 29,999, 41,999 ಮತ್ತು 49,999 ರೂಪಾಯಿ. ಐಫೋನ್ 16ಇ ಕೂಡ ಮನಸ್ಸಿನಲ್ಲಿತ್ತು. ಆದರೆ 256 ಜಿಬಿಯದು 69,900 ಎಂದು ತಿಳಿದ ಮೇಲೆ ಬಿಟ್ಟೆ. ಸೆಕೆಂಡ್ ಹ್ಯಾಂಡ್ ಐಫೋನ್ ತೋರಿಸಿದವರೂ ಇದ್ದರು. ರಾತ್ರಿಯಿಡೀ ಓಡಬೇಕಾದ ಕೆಲಸಕ್ಕೆ ಬಳಸಿದ ಬ್ಯಾಟರಿ ಬೇಡ ಅನ್ನಿಸಿತು. ನೀವು ಹಳೆಯದನ್ನು ಕೊಳ್ಳುವುದಾದರೆ *#06# ಒತ್ತಿ ಆ ಫೋನಿನ ಗುರುತಾದ ಐಎಂಇಐ ಸಂಖ್ಯೆ ತೆಗೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿ. ಕಳವು ಮುಂತಾದ ಕಾರಣಕ್ಕೆ ಆ ಸಂಖ್ಯೆ ಕಪ್ಪುಪಟ್ಟಿಯಲ್ಲಿದ್ದರೆ ಗೊತ್ತಾಗುತ್ತದೆ. ದುಡ್ಡು ಕೊಡುವ ಮೊದಲೇ ಇದನ್ನು ಮಾಡಬೇಕು.

ನಥಿಂಗ್ 3ಎ ಪ್ರೊದ ಬಲ ಅದರ 3 ಪಟ್ಟು ಹತ್ತಿರ ತೋರಿಸುವ ಟೆಲಿಫೋಟೊ ಲೆನ್ಸ್. ಆ ಬೆಲೆಗೆ ಅದು ನಿಜಕ್ಕೂ ದೊಡ್ಡ ವಿಷಯ. ಆದರೆ ಆಟದ ಬೆಳಕಿನಲ್ಲಿ ದೂರದ ಲೆನ್ಸ್‌ಗೆ ಒಂದು ಮಿತಿ ಇದೆ. ಅದರ ದ್ಯುತಿರಂಧ್ರ (ಬೆಳಕು ಒಳಬರುವ ತೂತು) ಎಫ್/2.55. ಪಿಕ್ಸೆಲ್ 9ಎಯ ಮುಖ್ಯ ಲೆನ್ಸ್‌ನದು ಎಫ್/1.7. ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಇವೆರಡರ ನಡುವೆ ಬೆಳಕಿನ ವ್ಯತ್ಯಾಸ ಎರಡು ಪಟ್ಟಿಗಿಂತ ಹೆಚ್ಚು. ಇದು ಒಂದು ಕಂಪನಿಯ ಕೊರತೆ ಅಲ್ಲ. ಫೋನಿನ ದಪ್ಪದೊಳಗೆ ದೂರದ ಲೆನ್ಸ್ ಕೂರಿಸಬೇಕಾದರೆ ಹೀಗೆ ಆಗುತ್ತದೆ. ಹಾಗಾಗಿ ಬೆಳಕು ಕಡಿಮೆಯಾದಾಗ ಎಷ್ಟೋ ಫೋನ್‌ಗಳು ನಮಗೆ ತಿಳಿಸದೆ ದೂರದ ಲೆನ್ಸ್ ಬಿಟ್ಟು, ಮುಖ್ಯ ಲೆನ್ಸ್‌ನ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತವೆ. ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಕತ್ತಲಿರುವ ಮೂಲೆಗೆ ಹೋಗಿ 3 ಪಟ್ಟು ಝೂಮ್ ಹಾಕಿ. ದೂರದ ಲೆನ್ಸನ್ನು ಬೆರಳಿನಿಂದ ಮುಚ್ಚಿ. ಪರದೆಯ ಮೇಲೆ ಚಿತ್ರ ಹಾಗೇ ಇದ್ದರೆ ಆ ಲೆನ್ಸ್ ಕೆಲಸ ಮಾಡುತ್ತಿಲ್ಲ ಎಂದು ಅರ್ಥ.

ನನ್ನ ಗೆಳೆಯರೊಬ್ಬರು ಮಾತ್ರ 3ಎ ಪ್ರೊವನ್ನೇ ಕೊಂಡರು. ಅವರದು ಬೇರೆ ಕೆಲಸ. ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಬರೆದುಕೊಳ್ಳುವ ಕಲಾವಿದರ ಫೋಟೊ ತೆಗೆಯುತ್ತಾರೆ. ಚುಟ್ಟಿ (ಅಕ್ಕಿಹಿಟ್ಟಿನ ಚುಕ್ಕಿಗಳು) ಇಡುವಾಗ ಹತ್ತಿರ ಹೋಗಿ ಮುಖಕ್ಕೆ ಫೋನ್ ಹಿಡಿದರೆ ಕಲಾವಿದರಿಗೆ ತೊಂದರೆ. ದೂರ ನಿಂತು ತೆಗೆಯಬೇಕು. ಚೌಕಿಯಲ್ಲಿ ಕನ್ನಡಿಯ ಪಕ್ಕದಲ್ಲೇ ಬಲ್ಬ್ ಇರುವುದರಿಂದ ಬೆಳಕಿಗೂ ಕೊರತೆ ಇಲ್ಲ. ಅವರಿಗೆ ಆ ಲೆನ್ಸ್ ಸರಿಯಾಗಿ ಹೊಂದಿತು. ಒಂದೇ ಆಟಕ್ಕೆ ಹೋಗುವ ಇಬ್ಬರಿಗೆ ಎರಡು ಬೇರೆ ಫೋನ್ ಸರಿಯಾಗುವುದು ಹೀಗೆ.

ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಗಳೂ ಸಭಾಭವನದ ಆಟಗಳೂ ನಡೆಯುತ್ತವೆ ಅಲ್ವಾ, ಅವೇ ನನ್ನ ಪರೀಕ್ಷೆಯ ಜಾಗಗಳಾದವು. ಪರಿಚಯದವರ ಫೋನ್ ಕೇಳಿ ಪಡೆದು, ಒಂದೊಂದರಲ್ಲೂ ಬಹಳ ಹೊತ್ತು ನಿಲ್ಲಿಸದೆ ರೆಕಾರ್ಡ್ ಮಾಡಿ ನೋಡಿದೆ. ಅಂಗಡಿಯ ಹತ್ತು ನಿಮಿಷದಲ್ಲಿ ಗೊತ್ತಾಗದ ಸಂಗತಿಗಳು ಇಲ್ಲಿ ಹೊರಬಂದವು. ಒಂದು ದುಬಾರಿ ಫೋನ್ 4ಕೆಯಲ್ಲಿ ಓಡುತ್ತಾ, ಪವರ್ ಬ್ಯಾಂಕ್‌ನಿಂದ ಚಾರ್ಜೂ ಆಗುತ್ತಾ ಇದ್ದಾಗ ಬಿಸಿಯಾಗಿ ಪ್ರಸಂಗದ ನಡುವೆಯೇ ನಿಂತಿತು. ಕಂಪನಿಯ ಹೆಸರು ಬೇಡ. ಅದನ್ನೇ 1080ಪಿಗೆ ಇಳಿಸಿ, ಚಾರ್ಜರ್ ತೆಗೆದಾಗ ಸರಾಗವಾಗಿ ಓಡಿತು. ಅಂದಿನಿಂದ ನನ್ನ ಪದ್ಧತಿ ಇದು: ರೆಕಾರ್ಡಿಂಗ್ 1080ಪಿ, ಪರದೆಯ ಬೆಳಕು ಕನಿಷ್ಠ, ಫೋನಿನ ಕವರ್ ತೆಗೆದಿಡುವುದು, ಚಾರ್ಜ್ ಮಾಡುವುದು ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ. ಫ್ಲೈಟ್ ಮೋಡ್ ಅಂತೂ ಕಡ್ಡಾಯ. ಪದ್ಯದ ನಡುವೆ ಕರೆ ಬಂದರೆ ಆ ಪದ್ಯ ಮತ್ತೆ ಸಿಗುವುದಿಲ್ಲ.

ಎರಡನೆಯ ಸಂಗತಿ ಬೆಳಕಿನ ಹಿಡಿತ. ರಂಗಸ್ಥಳದ ಹಿಂದೆ ಕತ್ತಲು, ಮುಂದೆ ಕಿರೀಟ, ಭುಜಕೀರ್ತಿಗಳ ಹೊಳಪು. ಫೋನ್ ತಾನೇ ಬೆಳಕು ಅಳೆಯಲು ಬಿಟ್ಟರೆ ಕತ್ತಲನ್ನು ನೋಡಿ ಎಲ್ಲವನ್ನೂ ಏರಿಸುತ್ತದೆ. ವೇಷದ ಮುಖ ಬಿಳಿಚಿಕೊಂಡು ಕಣ್ಣಿನ ಬರವಣಿಗೆಯೇ ಅಳಿಸಿಹೋಗುತ್ತದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ದೊಂದಿಯ ಬೆಂಕಿಗೆ ರಾಳದ ಪುಡಿ ಎರಚಿದಾಗಲಂತೂ ಬೆಳಕು ಏರಿ ಇಳಿದು ಚಿತ್ರ ಮಿಡಿಯುತ್ತದೆ. ಆದ್ದರಿಂದ ಬೆಳಕನ್ನು ಒಂದು ಮಟ್ಟದಲ್ಲಿ ಬೀಗ ಹಾಕಿ ನಿಲ್ಲಿಸುವ ಸೌಲಭ್ಯ ಬೇಕೇ ಬೇಕು. ಶಟರ್ ವೇಗವೂ ನಮ್ಮ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕರೆಂಟ್ 50 ಹರ್ಟ್ಜ್. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ವಿಡಿಯೊದಲ್ಲಿ ಓಡಾಡುವ ಪಟ್ಟೆಗಳು ಸಾಮಾನ್ಯವಾಗಿ ಹೋಗುತ್ತವೆ. ಇದಕ್ಕೆ ನಾನು ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಬಳಸುತ್ತೇನೆ. ಅದು ಎಲ್ಲ ಫೋನಿನಲ್ಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ಕೊಳ್ಳುವ ಮೊದಲು ಅದೇ ಮಾದರಿಯ ಫೋನಿನಲ್ಲಿ ಹಾಕಿ ನೋಡಿ.

ಧ್ವನಿಯ ವಿಷಯದಲ್ಲಿ ನನಗೆ ಹಟ ಇದೆ. ಫೋನಿನ ಮೈಕು ಮಾತಿಗಾಗಿ ಮಾಡಿದ್ದು. ಚೆಂಡೆಯ ಪೆಟ್ಟು ಬಿದ್ದಾಗ ಅದು ಒಮ್ಮೆಲೇ ಧ್ವನಿ ತಗ್ಗಿಸುತ್ತದೆ, ಪೆಟ್ಟು ನಿಂತಾಗ ಏರಿಸುತ್ತದೆ. ಭಾಗವತರ ಸ್ವರ ಮುಳುಗಿ ಏಳುತ್ತಾ ಇರುತ್ತದೆ. ಹೊರಗಿನ ಮೈಕು ಇಲ್ಲದೆ ಇದಕ್ಕೆ ಪರಿಹಾರ ಇಲ್ಲ. ಯುಎಸ್‌ಬಿ ಸಿ ಮೈಕನ್ನು ಸಿಕ್ಕಿಸಿದ ಮಾತ್ರಕ್ಕೆ ಕ್ಯಾಮೆರಾ ಆ್ಯಪ್ ಅದನ್ನು ಬಳಸುತ್ತದೆ ಎಂಬ ಭರವಸೆ ಇಲ್ಲ. ಪರೀಕ್ಷೆ ಸುಲಭ: ರೆಕಾರ್ಡ್ ಶುರು ಮಾಡಿ, ಮೊದಲು ಹೊರಗಿನ ಮೈಕನ್ನು, ಆಮೇಲೆ ಫೋನಿನ ಮೈಕನ್ನು ಉಗುರಿನಿಂದ ಗೀರಿ. ಮತ್ತೆ ಕೇಳಿದಾಗ ಯಾವ ಗೀರು ಜೋರಾಗಿದೆಯೋ ಆ ಮೈಕು ಕೆಲಸ ಮಾಡುತ್ತಿದೆ. ಧ್ವನಿಯ ಮಟ್ಟ ಹೊಂದಿಸುವುದು ಆರಂಭದ ಚೆಂಡೆ ಪೀಠಿಕೆ ಬಾರಿಸುವಾಗ. ಆಗಿನ ಜೋರಿಗೂ ಧ್ವನಿ ಒಡೆಯದಿದ್ದರೆ ಬೆಳಗಿನವರೆಗೂ ಚಿಂತೆ ಇಲ್ಲ.

ಕೊನೆಗೆ ಎ56 ಮತ್ತು ಪಿಕ್ಸೆಲ್ 9ಎ ನಡುವೆ ತೂಗಿದೆ. ಎ56ರ ಪರದೆ 6.7 ಇಂಚು, ಚಾರ್ಜಿಂಗ್ 45 ವ್ಯಾಟ್, ಪಿಕ್ಸೆಲ್‌ಗಿಂತ ಬೇಗ. ಸಿನಿಮಾ ನೋಡುವವರಿಗೆ, ದಿನವಿಡೀ ಓಡಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಪಿಕ್ಸೆಲ್ 9ಎ 6.3 ಇಂಚಿನದು, ಟ್ರೈಪಾಡ್ ಹಿಡಿಗೆ ಚೆನ್ನಾಗಿ ಕೂರುತ್ತದೆ. ಬ್ಯಾಟರಿ 5,100 ಎಂಎಎಚ್. ಭಾರತದಲ್ಲಿ ಬಿಡುಗಡೆಯಾದದ್ದೇ 256 ಜಿಬಿ ಮಾದರಿ. ನಡುರಾತ್ರಿಯ ಇಬ್ಬನಿಗೆ ನೀರು, ಧೂಳು ತಡೆಯುವ ಐಪಿ68 ರಕ್ಷಣೆ ಇದೆ, ಎ56ಗೆ ಇರುವುದು ಐಪಿ67. ನನ್ನ ಕೆಲಸಕ್ಕೆ ಎರಡೂ ಸಾಕು. ತಕ್ಕಡಿ ವಾಲಿಸಿದ್ದು ಎರಡು ಸಂಗತಿ. ಎ56ಗೆ 6 ವರ್ಷ, ಪಿಕ್ಸೆಲ್‌ಗೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿಗಳು ಹೇಳಿವೆ. ನಾನು ಫೋನನ್ನು ಬೇಗ ಬದಲಿಸುವವನಲ್ಲ. ಇನ್ನೊಂದು, ವೇಷದ ಕೆಂಪು ದಗಲೆಯ (ಅಂಗಿಯ) ಬಣ್ಣ ಪಿಕ್ಸೆಲ್‌ನಲ್ಲಿ ನನ್ನ ಕಣ್ಣಿಗೆ ಹೆಚ್ಚು ಸಹಜವಾಗಿ ಕಂಡಿತು. ಎರಡನೆಯದು ರುಚಿಯ ವಿಷಯ. ನೀವೇ ನೋಡಿ ತೀರ್ಮಾನಿಸಬೇಕು.

ನೆಟ್‌ವರ್ಕ್ ನನಗೆ ಮುಖ್ಯವಾಗಿರಲಿಲ್ಲ. ಲೈವ್ ಕೊಡುವವರಿಗೆ ಅದೇ ಮೊದಲ ಪ್ರಶ್ನೆ. ಜಿಯೊದ 5ಜಿ ಸ್ಟ್ಯಾಂಡ್‌ಅಲೋನ್ ಬಗೆಯದು, ಅಂದರೆ 4ಜಿಯ ಆಸರೆ ಇಲ್ಲದೆ ನಡೆಯುವುದು. ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಜ್‌ನಲ್ಲೂ ಬರುತ್ತದೆ. ನಿಮ್ಮ ಊರಿನ ಗದ್ದೆಯಲ್ಲಿ ಯಾವ ಸಿಮ್ ಸಿಗುತ್ತದೋ ಅದರ ತರಂಗಾಂತರದ ಬ್ಯಾಂಡ್‌ಗಳು ಆ ಫೋನಿನಲ್ಲಿ ಇವೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ನೋಡಿ. ಯೂಟ್ಯೂಬ್‌ನಲ್ಲಿ ಮೊಬೈಲ್‌ನಿಂದ ಲೈವ್ ಹೋಗಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರೂ ಇರಬೇಕು.

ಈಗ ಆಟ ಮುಗಿದ ಮರುದಿನವೇ ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕಿಗೆ ಹಾಕುತ್ತೇನೆ. ಪ್ರಸಂಗ, ಊರು, ದಿನಾಂಕ, ಭಾಗವತರ ಹೆಸರು ಬರೆದು ಉಳಿಸುತ್ತೇನೆ. ಕಲಾವಿದರು ಕೇಳಿದರೆ ಅವರ ಪಾತ್ರದ ಭಾಗವನ್ನು ಕತ್ತರಿಸಿ ಮೊದಲು ಅವರಿಗೇ ಕಳಿಸುತ್ತೇನೆ. ಅವರು ಬೇಡ ಎಂದ ಭಾಗವನ್ನು ಎಲ್ಲೂ ಹಾಕುವುದಿಲ್ಲ.