ಅಮೆರಿಕಕ್ಕೆ ಹೊರಟಿದ್ದೀರಾ? ಟಿಪ್ಸ್ ವಿಷಯ ತಿಳ್ಕೊಂಡು ಹೋಗಿ

ಕಳೆದ ಭಾನುವಾರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಪಕ್ಕದ ಮನೆ ಹುಡುಗನ ಜೊತೆ ದೋಸೆ ತಿನ್ನುತ್ತಿದ್ದೆ. ಆಗಸ್ಟಿನಲ್ಲಿ ಎಂ.ಎಸ್. ಓದಲು ಟೆಕ್ಸಾಸ್‌ಗೆ ಹೊರಟಿದ್ದಾನೆ. ಸಪ್ಲೈಯರ್ ಬಿಲ್ ತಂದಿಟ್ಟರು. ಚಿಲ್ಲರೆಯಲ್ಲಿ ಇಪ್ಪತ್ತು ರೂಪಾಯಿ ಬಿಟ್ಟು ಎದ್ದೆವು. ಹೊರಗೆ ಬಂದ ಮೇಲೆ ಹುಡುಗ ಕೇಳಿದ, "ಅಂಕಲ್, ಅಲ್ಲೂ ಹೀಗೇ ಚಿಲ್ಲರೆ ಬಿಟ್ಟರೆ ಸಾಕಾ?"

ಸಾಕಾಗಲ್ಲ. ಹದಿನಾರು ವರ್ಷ ನ್ಯೂಜೆರ್ಸಿಯಲ್ಲಿದ್ದು ಜಯನಗರಕ್ಕೆ ವಾಪಸ್ ಬಂದವನು ನಾನು. ಚಟ್ನಿಪುಡಿ, ಕುಕ್ಕರ್, ಸ್ವೆಟರ್ ಬಗ್ಗೆ ಮನೆಯವರೆಲ್ಲ ಹೇಳುತ್ತಾರೆ. ಈ ಟಿಪ್ಸ್ ವಿಷಯವನ್ನು ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ.

ನನಗೂ ಯಾರೂ ಹೇಳಿರಲಿಲ್ಲ. 2005ರಲ್ಲಿ, ಹೋದ ಹೊಸದರಲ್ಲಿ, ಐದು ಜನ ಗೆಳೆಯರು ಒಂದು ಹೋಟೆಲಿಗೆ ಹೋದೆವು. ಎರಡೂವರೆ ಗಂಟೆ ಕೂತೆವು. ಮೊಟ್ಟೆ ಬೇಡ, ಖಾರ ಜಾಸ್ತಿ ಹಾಕಿ, ಇನ್ನೊಂದು ಸಲ ನೀರು ಕೊಡಿ ಅಂತ ಬಡಿಸುವ ಹುಡುಗಿಯನ್ನು ಹತ್ತು ಸಲ ಓಡಾಡಿಸಿದೆವು. ಬಿಲ್ ತೊಂಬತ್ತು ಡಾಲರ್ ಆಯಿತು. ಎಲ್ಲರೂ ಸೇರಿ ನಾಲ್ಕು ಡಾಲರ್ ಇಟ್ಟು ಎದ್ದೆವು. ಅವಳು ಬಾಗಿಲ ತನಕ ಬಂದು "ಏನಾದರೂ ತಪ್ಪಾಯಿತಾ?" ಅಂತ ಕೇಳಿದಳು. "ಇಲ್ಲ, ತುಂಬಾ ಚೆನ್ನಾಗಿತ್ತು" ಅಂದೆವು. ಅವಳ ಮುಖ ಇನ್ನೂ ಚಿಕ್ಕದಾಯಿತು. ಯಾಕೆ ಅಂತ ನನಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ.

ಲೆಕ್ಕ ಹೀಗಿದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ತನ್ನ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸೇರಿಸಿದರೂ 7.25 ಮುಟ್ಟದಿದ್ದರೆ ಮಿಕ್ಕಿದ್ದನ್ನು ಮಾಲೀಕ ತುಂಬಬೇಕು, ಅಷ್ಟೇ. ಟೆಕ್ಸಾಸ್‌ನಲ್ಲಿ ಇವತ್ತಿಗೂ ಇದೇ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್‌ನಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕೂಲಿ ಕೊಡಲೇಬೇಕು. ಆದರೂ ಅಲ್ಲಿ ಟಿಪ್ಸ್ ಪದ್ಧತಿ ಕಮ್ಮಿಯಾಗಿಲ್ಲ. ಎಷ್ಟೋ ಹೋಟೆಲುಗಳಲ್ಲಿ ಬಡಿಸುವವರು ತಮ್ಮ ಟಿಪ್ಸಿನಲ್ಲಿ ಟೇಬಲ್ ಒರೆಸುವವರಿಗೂ ಪಾಲು ಕೊಡಬೇಕು.

ಹಾಗಾಗಿ ನಮ್ಮಲ್ಲಿ "ಕಾಫಿಗೆ ಇಟ್ಕೊಳ್ಳಿ" ಅಂತ ಖುಷಿಗೆ ಕೊಡುವ ದುಡ್ಡಿಗೂ ಅಲ್ಲಿನ ಟಿಪ್ಸಿಗೂ ಸಂಬಂಧವಿಲ್ಲ. ಅದು ಸಂಬಳ. "ಸಂಬಳ ಕೊಡೋದು ಮಾಲೀಕನ ಕೆಲಸ ಅಲ್ವಾ?" ಅಂತ ಅಲ್ಲಿಗೆ ಹೊರಡುವ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ನಿಜ, ನನಗೂ ಆ ಪದ್ಧತಿ ಸರಿ ಅನ್ನಿಸುವುದಿಲ್ಲ. ಆದರೆ ನೀವು ಟಿಪ್ಸ್ ಇಡದೆ ಎದ್ದರೆ ಮಾಲೀಕನಿಗೆ ಏನೂ ನಷ್ಟವಿಲ್ಲ, ಅವನ ದುಡ್ಡು ಅವನಿಗೆ ಬಂತು. ನಷ್ಟ ಆಗುವುದು ನಿಮಗೆ ನೀರು ತಂದುಕೊಟ್ಟವಳಿಗೆ. ಮೆನುವಿನ ಬೆಲೆಗೆ ಐದನೇ ಒಂದು ಭಾಗ ಸೇರಿಸಿಕೊಂಡೇ ಓದಿ. ಅಷ್ಟು ಕೈಯಲ್ಲಿಲ್ಲದ ದಿನ ಕೌಂಟರಿನಲ್ಲಿ ತಗೊಂಡು ತಿನ್ನುವ ಕಡೆ ಹೋಗಿ. ಓದುವ ಮಕ್ಕಳ ಕೈ ಬಿಗಿ ಇರುತ್ತದೆ, ಅದರಲ್ಲಿ ಅವಮಾನವೇನಿಲ್ಲ.

ಎಷ್ಟು ಕೊಡಬೇಕು? ಕೂತು ಊಟ ಮಾಡಿದರೆ ಹದಿನೆಂಟರಿಂದ ಇಪ್ಪತ್ತು ಪರ್ಸೆಂಟ್, ಟ್ಯಾಕ್ಸ್ ಸೇರುವ ಮುಂಚಿನ ಮೊತ್ತಕ್ಕೆ. ಬಿಲ್ಲಿನ ಹತ್ತನೇ ಒಂದು ಭಾಗ ತೆಗೆದು ಎರಡರಷ್ಟು ಮಾಡಿ, ಆಯಿತು. ಆರು ಜನಕ್ಕಿಂತ ಜಾಸ್ತಿ ಇದ್ದರೆ ಎಷ್ಟೋ ಕಡೆ ಅವರೇ ಸೇರಿಸಿರುತ್ತಾರೆ. ಬಿಲ್ಲಿನಲ್ಲಿ 'ಗ್ರಾಟ್ಯುಟಿ' ಅಂತ ಇದೆಯಾ ನೋಡಿ, ಇದ್ದರೆ ಮತ್ತೆ ಕೊಡಬೇಕಿಲ್ಲ. ಅದು ನಮ್ಮೂರಿನ ಆಫೀಸಿನ ಗ್ರಾಟ್ಯುಟಿ ಅಲ್ಲ, ಟಿಪ್ಸಿಗೇ ಅವರ ಹೆಸರು. ಕಾರ್ಡ್ ಒಳಗೆ ಒಯ್ದು ಎರಡು ಚೀಟಿ ತಂದರೆ ಗಾಬರಿಯಾಗಬೇಡಿ. ಒಂದು ಚೀಟಿಯಲ್ಲಿ ಟಿಪ್ಸ್ ಎಷ್ಟು, ಒಟ್ಟು ಎಷ್ಟು ಅಂತ ಬರೆದು ಸಹಿ ಹಾಕಿ ಟೇಬಲ್ ಮೇಲೇ ಬಿಡಿ. ಇನ್ನೊಂದು ನಿಮಗೆ.

ಕಾಫಿ ಅಂಗಡಿಯಲ್ಲಿ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ಹದಿನೆಂಟು, ಇಪ್ಪತ್ತು, ಇಪ್ಪತ್ತೈದು ಅಂತ ತೋರಿಸುತ್ತಾರೆ. ನಮ್ಮ ದರ್ಶಿನಿ ಥರ ನೀವೇ ನಿಂತು ತಗೊಳ್ಳುವ ಜಾಗ ಅದು. ಅಲ್ಲಿ 'ನೋ ಟಿಪ್' ಒತ್ತಿದರೆ ತಪ್ಪಿಲ್ಲ.

ಡೆಲಿವರಿ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಆ್ಯಪ್‌ನಲ್ಲಿ ಕಾಣುವ 'ಡೆಲಿವರಿ ಫೀ', 'ಸರ್ವಿಸ್ ಫೀ' ಟಿಪ್ಸ್ ಅಲ್ಲ. ತರುವವರು ಸ್ವಂತ ಕಾರಿನಲ್ಲಿ, ಸ್ವಂತ ಪೆಟ್ರೋಲಿನಲ್ಲಿ ಬರುತ್ತಾರೆ. ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಸುಮಾರು ಎಷ್ಟು ಸಿಗುತ್ತದೆ ಅಂತ ಸಾಮಾನ್ಯವಾಗಿ ಅವರಿಗೆ ಕಾಣುತ್ತದೆ. ಏನೂ ಇಡದಿದ್ದರೆ ಒಬ್ಬರಾದ ಮೇಲೆ ಒಬ್ಬರು ಬೇಡ ಅನ್ನುತ್ತಾರೆ, ಊಟ ಆರಿ ಬರುತ್ತದೆ. ಚಿಕ್ಕ ಆರ್ಡರ್ ಆದರೂ ನಾಲ್ಕೈದು ಡಾಲರ್ ಇಡಿ. ಮಳೆ, ಹಿಮ, ಮಹಡಿ ಹತ್ತುವುದು ಇದ್ದರೆ ಇನ್ನೂ ಸ್ವಲ್ಪ ಸೇರಿಸಿ. ಬೇಗ ಬರಲಿ ಅಂತ ಜಾಸ್ತಿ ತೋರಿಸಿ, ಊಟ ಬಂದ ಮೇಲೆ ಕಮ್ಮಿ ಮಾಡುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಅದು ಮೋಸ.

ಒಂದು ಜನವರಿ ರಾತ್ರಿ ನೆನಪಿದೆ. ಮೊಣಕಾಲುದ್ದ ಹಿಮ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆಗೆದರೆ ಊಟ ತಂದ ಹುಡುಗ ಹೊರಗಿನ ಮ್ಯಾಟಿನ ಮೇಲೆ ಶೂ ಕುಟ್ಟುತ್ತಿದ್ದ, ನಮ್ಮ ನೆಲ ಒದ್ದೆಯಾಗಬಾರದು ಅಂತ. ಊಟದ ಪೊಟ್ಟಣ ಆರದಿರಲಿ ಅಂತ ಜಾಕೆಟ್ಟಿನ ಒಳಗೆ ಇಟ್ಟುಕೊಂಡಿದ್ದ. ನಾನು ಆ್ಯಪ್‌ನಲ್ಲಿ ಇಟ್ಟಿದ್ದು ಎರಡು ಡಾಲರ್. ಒಳಗೆ ಹೋಗಿ ಹತ್ತರ ನೋಟು ತಂದು ಕೊಟ್ಟೆ. ಅದನ್ನು ಮಡಿಸಲು ಅವನ ಬೆರಳು ಬಗ್ಗುತ್ತಿರಲಿಲ್ಲ. ಆಮೇಲಿಂದ ಬಾಗಿಲ ಹತ್ತಿರದ ಡಬ್ಬಿಯಲ್ಲಿ ಒಂದರ, ಐದರ ನೋಟು ಇಟ್ಟಿರುತ್ತಿದ್ದೆ.

ನಮ್ಮ ದೇಶದವರ ಹೋಟೆಲಿಗೆ ಹೋದಾಗ "ನಮ್ಮೋರೇ ಅಲ್ವಾ" ಅಂತ ಟಿಪ್ಸ್ ತಪ್ಪಿಸಬೇಡಿ. ನ್ಯೂಜೆರ್ಸಿಯ ಎಡಿಸನ್‌ನ ಓಕ್ ಟ್ರೀ ರಸ್ತೆಯಲ್ಲಿ ಮಸಾಲೆ ದೋಸೆ ಬಡಿಸುವವರಿಗೂ ಮನೆ ಬಾಡಿಗೆ ಇರುತ್ತದೆ. ಊಟ ತಡವಾದರೆ ಅದು ಹೆಚ್ಚಾಗಿ ಅಡುಗೆಮನೆಯ ತಪ್ಪು, ಬಡಿಸುವವರದ್ದಲ್ಲ. ನಿಜವಾಗಿ ಒರಟಾಗಿ ನಡೆದುಕೊಂಡರೆ ಮ್ಯಾನೇಜರಿಗೆ ಹೇಳಿ.

ಬೇರೆ ದೇಶಕ್ಕೆ ಹೋದರೆ ಈ ಲೆಕ್ಕ ಬೇಡ. ಲಂಡನ್‌ನಲ್ಲಿ ಬಿಲ್ಲಿನಲ್ಲೇ ಹನ್ನೆರಡೂವರೆ ಪರ್ಸೆಂಟ್ ಸೇರಿಸಿರುವುದು ಮಾಮೂಲು. ಜಪಾನಿನಲ್ಲಿ ಕೊಡಲೇಬೇಡಿ.

ಅಪ್ಪ ಅಮ್ಮ ನೋಡಲು ಬರುತ್ತಾರಲ್ಲ, ಅವರಿಗೆ ಮೊದಲೇ ಹೇಳಿಡಿ. ನಮ್ಮಮ್ಮ ಬಂದಿದ್ದಾಗ ಹೋಟೆಲಿನಲ್ಲಿ ನಾನು ಟಿಪ್ಸ್ ಹದಿನೈದು ಡಾಲರ್ ಬರೆದಿದ್ದು ನೋಡಿ, ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿ, "ಇಷ್ಟೊಂದಾ?" ಅಂದರು. ಬಡಿಸಿದ ಹುಡುಗಿಗೆ ಮಾಲೀಕ ಗಂಟೆಗೆ ಎಷ್ಟು ಕೊಡುತ್ತಾನೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಮಗು ಏನಾದರೂ ಓದುತ್ತಾ, ಕೇಳು" ಅಂದರು. ಕೇಳಿದೆ. ನರ್ಸಿಂಗ್ ಅಂದಳು.